ಆಯ ತಪ್ಪದಂತೆ ನಿಲ್ಲುವುದು ಹೇಗೆ? ಅಡುಗೆ ಕಟ್ಟೆ ಹಿಡಿದು ಶುರು ಮಾಡಿ

ಅಮ್ಮ ಬಿದ್ದದ್ದು ಮೆಟ್ಟಿಲಲ್ಲಲ್ಲ, ಬಚ್ಚಲಲ್ಲೂ ಅಲ್ಲ. ದೇವರ ಮನೆಯ ಹೊಸಿಲಲ್ಲಿ. ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದರಲ್ಲಿ ನೀರಿನ ಚೊಂಬು. ಅಡುಗೆಮನೆಯಿಂದ ನಾನು ಏನೋ ಕೇಳಿದೆ. ಉತ್ತರ ಹೇಳುತ್ತಾ ಕಾಲೆತ್ತಿದಳು, ಬೆರಳು ಹೊಸಿಲಿಗೆ ತಾಗಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ತಪ್ಪು ಮಾಡಿದ್ದು ಆಮೇಲೆ ನಾವು. “ನೀನು ಏಳಬೇಡಮ್ಮ, ಎಲ್ಲಾ ಕೂತಲ್ಲಿಗೇ ತಂದುಕೊಡ್ತೀವಿ” ಅಂತ ಎರಡು ತಿಂಗಳು ಕೂರಿಸಿಬಿಟ್ಟೆವು. ಅಷ್ಟರಲ್ಲಿ ಕುರ್ಚಿಯಿಂದ ಏಳುವುದಕ್ಕೂ ಅವಳಿಗೆ ನಮ್ಮ ಕೈ ಬೇಕಾಗಿತ್ತು.

ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲು ಬೈದದ್ದು ನನ್ನನ್ನೇ. “ಕೂರಿಸಿದಷ್ಟೂ ಬೀಳೋದು ಜಾಸ್ತಿ ಆಗುತ್ತೆ ಮೇಡಂ. ಅಜ್ಜಿ ಏಳಲಿ. ನೀವು ಪಕ್ಕದಲ್ಲಿ ನಿಂತಿರಿ, ಸಾಕು.”

ಅವಳ ಮಾತಿಗೆ ಗಟ್ಟಿ ಆಧಾರವಿದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿರುವ ಒಟಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ 80 ದಾಟಿದ ಹೆಂಗಸರ ಮನೆಗೇ ಫಿಸಿಯೋಥೆರಪಿಸ್ಟರನ್ನು ಕಳಿಸಿದರು. ಕಾಲಿಗೆ ಬಲ ಬರುವ, ಆಯ ಕಲಿಸುವ ಕೆಲವು ವ್ಯಾಯಾಮ, ಜೊತೆಗೆ ನಡಿಗೆ. ಅಷ್ಟೇ. ಮುಂದೆ ಇಂಥ ನಾಲ್ಕು ಪ್ರಯೋಗಗಳ ಲೆಕ್ಕವನ್ನು ಒಟ್ಟು ಹಾಕಿದರು. 65ರಿಂದ 97 ವರ್ಷದ 1,016 ಜನರಲ್ಲಿ ಬೀಳುವುದು 35% ಕಡಿಮೆಯಾಗಿತ್ತು. 2019ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ತಂಡ 108 ಪ್ರಯೋಗಗಳನ್ನು ಜರಡಿ ಹಿಡಿದು ನೋಡಿದಾಗಲೂ ವ್ಯಾಯಾಮದಿಂದ ಬೀಳುವುದು ಸುಮಾರು 23% ಇಳಿಯುತ್ತದೆ ಎಂದು ಕಂಡುಬಂತು. ಆದರೆ ಬರೀ ವಾಕಿಂಗ್‌ನಿಂದಲೇ ಈ ಲಾಭ ಸಿಗುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ದಿನಾ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವವರು ಇದನ್ನು ಗಮನಿಸಬೇಕು.

ಯಾಕೆ ಹೀಗೆ? ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯ ಸುದ್ದಿಯಿಂದ: ಕಣ್ಣು, ಕಿವಿಯೊಳಗಿನ ಸೂಕ್ಷ್ಮ ಅಂಗ, ಪಾದ ಮತ್ತು ಕೀಲುಗಳ ಸ್ಪರ್ಶ. ಒಂದು ಕೈಕೊಟ್ಟರೆ ಉಳಿದೆರಡು ಹೊರುತ್ತವೆ. ತಲೆಗೆ ಸ್ನಾನ ಮಾಡುವಾಗ ಸೋಪಿನ ನೊರೆಗೆ ಕಣ್ಣು ಮುಚ್ಚುತ್ತೀರಲ್ಲ, ಆಗ ಮೈ ತುಸು ವಾಲಿದಂತಾಗಿ ಗೋಡೆಗೆ ಕೈ ಹೋಗುತ್ತದೆ, ಅಲ್ವಾ? ಬರ್ಲಿನ್‌ನ ವೈದ್ಯ ಮೋರಿಟ್ಸ್ ರೋಂಬರ್ಗ್ 19ನೇ ಶತಮಾನದಲ್ಲಿ ಇದನ್ನೇ ಪರೀಕ್ಷೆಯಾಗಿ ಮಾಡಿದ್ದು. ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿ ಎಂದು ಇವತ್ತಿಗೂ ನರರೋಗ ವೈದ್ಯರು ಹೇಳುತ್ತಾರೆ. ವಯಸ್ಸಾದಂತೆ ಮೂರೂ ಕಡೆಯ ಸುದ್ದಿ ಮಂಕಾಗುತ್ತದೆ, ಕಾಲಿನ ಬಲವೂ ಇಳಿಯುತ್ತದೆ. ಆದರೆ ಇವನ್ನು ಸ್ವಲ್ಪ ಕಷ್ಟಕ್ಕೆ ಒಡ್ಡಿದರೆ ಮತ್ತೆ ಚುರುಕಾಗುತ್ತವೆ. ಸ್ವಲ್ಪ ಕಷ್ಟ ಎನ್ನುವುದೇ ಇಲ್ಲಿ ಮುಖ್ಯ. ಪೂರಾ ಆಧಾರ ಹಿಡಿದು ನಿಂತರೆ ಆಯ ಕಲಿಯುವ ಕೆಲಸವೇ ಇರುವುದಿಲ್ಲ.

ಮೊದಲು ವೈದ್ಯರನ್ನು ಕೇಳಿ

ತಲೆಸುತ್ತು ಬರುತ್ತಿದ್ದರೆ, ಎದ್ದ ಕೂಡಲೇ ಕಣ್ಣು ಕತ್ತಲೆ ಬಂದರೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಂತಿದ್ದರೆ, ಪಾರ್ಶ್ವವಾಯು ಆಗಿದ್ದರೆ, ಈಚೆಗೆ ಬಿದ್ದಿದ್ದರೆ ಅಥವಾ ಆಪರೇಷನ್ ಆಗಿದ್ದರೆ ವೈದ್ಯರಿಗೆ ತೋರಿಸಿಯೇ ಶುರು ಮಾಡಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ.

ಈಗ ಎಷ್ಟು ಆಗುತ್ತದೆ, ನೋಡಿಕೊಳ್ಳಿ

ಅಡುಗೆ ಕಟ್ಟೆಯ ಪಕ್ಕ ನಿಲ್ಲಿ. ಹಿಂದೆ ಒಂದು ಗಟ್ಟಿ ಕುರ್ಚಿ, ಪಕ್ಕದಲ್ಲಿ ಮನೆಯವರು ಇರಲಿ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡ್. ಆಮೇಲೆ ಒಂದು ಪಾದವನ್ನು ಅರ್ಧ ಮುಂದಕ್ಕೆ ಸರಿಸಿ 10 ಸೆಕೆಂಡ್. ಮೂರನೆಯದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿಕಾಲು. ಕೈ ಕಟ್ಟೆಗೆ ತಾಗಬಾರದು, ಆದರೆ ಹತ್ತಿರವೇ ಇರಬೇಕು. ಮೂರನೆಯ ನಿಲುವನ್ನು 10 ಸೆಕೆಂಡ್ ಹಿಡಿಯಲಾಗದಿದ್ದರೆ ಬೀಳುವ ಅಪಾಯ ಜಾಸ್ತಿ ಎಂದು ತಿಳಿಯಿರಿ. ಅಮ್ಮ ಅಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ವಾಲಿ ಕಟ್ಟೆ ಹಿಡಿದಳು.

ಇನ್ನೊಂದು ಪರೀಕ್ಷೆ ಹೀಗೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಅವಸರ ಬೇಡ, ಮಾಮೂಲಿ ನಡಿಗೆ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಫಿಸಿಯೋಥೆರಪಿಸ್ಟರನ್ನು ಒಮ್ಮೆ ಕಾಣಿ.

ಕುರ್ಚಿ: ಬಲ ಮೊದಲು

ಗೋಡೆಗೆ ಒತ್ತಿ ಇಟ್ಟ, ಚಕ್ರವಿಲ್ಲದ ಕುರ್ಚಿ ಸಾಕು. ಅಂಚಿಗೆ ಬಂದು ಕೂರಿ. ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ ಏಳಿ. ಹೀಗೆ ಬಾಗದೆ ನೆಟ್ಟಗೆ ಏಳಲು ಹೋಗಿಯೇ ಅನೇಕರು ಹಿಂದಕ್ಕೆ ಧೊಪ್ಪನೆ ಬೀಳುತ್ತಾರೆ. ಕೂರುವಾಗ ಇನ್ನೂ ನಿಧಾನ. ಮೊದಲ ವಾರ ಕೈ ಊರಿ ಐದು ಸಲ, ಆಮೇಲೆ ಒಂದೇ ಕೈ, ಆಮೇಲೆ ಕೈ ಊರದೆ. ಹತ್ತಕ್ಕೆ ಬಂದರೆ ಎರಡು ಸುತ್ತು ಮಾಡಿ.

ಇಷ್ಟು ವಯಸ್ಸಿನಲ್ಲಿ ಬಲ ಬರುತ್ತದಾ ಎಂದು ಕೇಳುವವರಿಗೆ ಒಂದು ಮಾತು. 1990ರಲ್ಲಿ ಬಾಸ್ಟನ್‌ನಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ವೃದ್ಧರ ಆರೈಕೆ ಕೇಂದ್ರದ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಅವರೆಲ್ಲ 90ರ ಆಸುಪಾಸಿನವರು. ತೊಡೆಯ ಬಲ ಸರಾಸರಿ 174% ಏರಿತು. ನನಗಂತೂ ಇದನ್ನು ಓದಿದ ಮೇಲೆ “ವಯಸ್ಸಾಯ್ತು ಬಿಡಿ” ಎನ್ನುವ ಮಾತು ಬಾಯಿಗೆ ಬರುವುದಿಲ್ಲ.

ಕಟ್ಟೆ: ಎರಡು ಕೈಯಿಂದ ಎರಡು ಬೆರಳಿಗೆ

ಕಟ್ಟೆಗೆ ಮುಖ ಮಾಡಿ ನಿಂತು ತುದಿಗಾಲಲ್ಲಿ ಎದ್ದು ಇಳಿಯಿರಿ, ಹತ್ತು ಸಲ. ಆಮೇಲೆ ಹಿಮ್ಮಡಿಯ ಮೇಲೆ ಭಾರ ಬಿಟ್ಟು ಮುಂಗಾಲು ಎತ್ತಿ. ಹೊಸಿಲಿಗೆ ಎಡವದಂತೆ ಕಾಪಾಡುವ ಸ್ನಾಯು ಇದೇ. ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಿ, ಸೊಂಟ ಮಾತ್ರ ವಾಲಬಾರದು.

ಈಗ ಆಯದ ಪಾಠ. ಯಾವ ನಿಲುವಿನಲ್ಲಿ ನೀವು ಸೋತಿರೋ ಅದನ್ನೇ ಹಿಡಿಯಿರಿ. ಅಮ್ಮನಿಗೆ ಅದು ಒಂದೇ ಗೆರೆಯ ನಿಲುವು. ಮೊದಲು ಎರಡೂ ಅಂಗೈ ಕಟ್ಟೆ ಮೇಲೆ. ಮೈ ಅಲುಗದೆ 10 ಸೆಕೆಂಡ್ ನಿಂತಾಗ ಒಂದು ಕೈ ತೆಗೆಸಿದಳು ಆ ಹುಡುಗಿ. ಆಮೇಲೆ ಬರೀ ಎರಡು ಬೆರಳು. ಆ ದಿನ ನಾನು ಅಮ್ಮನ ಪಾದವನ್ನೇ ನೋಡುತ್ತಿದ್ದೆ. ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದವು, ಕಣಕಾಲಿನ ನರಗಳು ಒಂದೇ ಸಮನೆ ಅದುರುತ್ತಿದ್ದವು. ನನಗೆ ಭಯವಾಗಿ ಕೈ ಚಾಚಿದೆ. “ಬಿಡಿ, ಆ ಅದುರೋದೇ ಕೆಲಸ ಆಗ್ತಿರೋದು” ಅಂದಳು. ಒಂದಿಷ್ಟೂ ಅದುರದಿದ್ದರೆ ಆಧಾರ ಜಾಸ್ತಿ ಆಗಿದೆ ಎಂದರ್ಥ. ಪದೇ ಪದೇ ಕಟ್ಟೆಗೆ ಬೀಳುವಂತಾದರೆ ಒಂದು ಹಂತ ಹಿಂದಕ್ಕೆ ಹೋಗಿ. ಕಾಲ್ಚೀಲ ಬೇಡ, ಜಾರುತ್ತದೆ.

ನಡಿಗೆ, ಮಾತಿನ ಜೊತೆ

ಕಟ್ಟೆ ಪಕ್ಕದಲ್ಲೇ ಅಡ್ಡಡ್ಡ ಹೆಜ್ಜೆ, ಹಿಂದಕ್ಕೆ ಹೆಜ್ಜೆ, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೆದಂತೆ ಹೆಜ್ಜೆ. ಇವು ಕೈವಶವಾದ ಮೇಲೆ ಎರಡು ಕುರ್ಚಿಗಳನ್ನು ದೂರ ಇಟ್ಟು ಎಂಟರ ಆಕಾರದಲ್ಲಿ ಸುತ್ತಿ.

ಕೊನೆಗೆ ಮಾತು ಸೇರಿಸಿ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವೃದ್ಧರ ವಸತಿಯಲ್ಲಿದ್ದ 58 ಜನರ ಜೊತೆ ನಡೆಯುತ್ತಾ ಮಾತಾಡಿಸಿದರು. 12 ಜನ ಉತ್ತರ ಕೊಡಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು. ನಡಿಗೆಗೇ ಪೂರ್ತಿ ಗಮನ ಬೇಕಾದಾಗ ಮಾತಿಗೆ ಜಾಗ ಇರುವುದಿಲ್ಲ. ಹೊಸಿಲಿನಲ್ಲಿ ಅಮ್ಮನಿಗೆ ಆದದ್ದು ಇದೇ ಅಂತ ನನಗೆ ಆಗ ಹೊಳೆಯಿತು. ನಡೆಯುತ್ತಾ ವಾರದ ಹೆಸರು ಹಿಂದಿನಿಂದ ಹೇಳಿಸಿ, ತರಕಾರಿ ಹೆಸರು ಹೇಳಿಸಿ, ನೂರರಿಂದ ಮೂರು ಮೂರು ಕಳೆಯಿಸಿ. ಈ ಹಂತದಲ್ಲಿ ಪಕ್ಕದಲ್ಲಿ ಜನ ಇರಲೇಬೇಕು.

ಇದೆಲ್ಲ ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಒಟಾಗೊ ಕ್ರಮವೂ ಅದೇ, ಜೊತೆಗೆ ಎರಡು ದಿನ ನಡಿಗೆ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮಾಡಿ. ಬಿಟ್ಟರೆ ಗಳಿಸಿದ್ದು ಕರಗುತ್ತದೆ. ಮನೆಯಲ್ಲಿ ರಾತ್ರಿ ಬಚ್ಚಲಿಗೆ ಹೋಗುವ ದಾರಿಗೆ ಸಣ್ಣ ದೀಪ, ಗೋಡೆಗೆ ಹಿಡಿಕೆ, ಹಿಂದೆ ಪಟ್ಟಿ ಇರುವ ಚಪ್ಪಲಿ. ಬಾಗಿಲ ಮುಂದಿನ ಕಾಲೊರಸು ಜಾರುತ್ತಿದ್ದರೆ ಇವತ್ತೇ ತೆಗೆದುಹಾಕಿ.

ಬಿದ್ದರೆ ಏಳುವುದನ್ನೂ ಕಲಿಯಿರಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬಿದ್ದವರು ಗಂಟೆಗಟ್ಟಲೆ ನೆಲದಲ್ಲೇ ಉಳಿದರೆ ಪೆಟ್ಟಿಗಿಂತ ಅದೇ ಅಪಾಯ. ತಡಬಡಾಯಿಸಿ ಏಳಬೇಡಿ, ಎಲ್ಲಿ ನೋವಿದೆ ನೋಡಿಕೊಳ್ಳಿ. ಸೊಂಟ, ತೊಡೆಯಲ್ಲಿ ವಿಪರೀತ ನೋವಿದ್ದರೆ ಅಲುಗದೆ ಕೂಗಿ ಕರೆಯಿರಿ. ಇಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬನ್ನಿ. ಹತ್ತಿರದ ಕುರ್ಚಿ ಅಥವಾ ಮಂಚದವರೆಗೆ ತೆವಳಿ. ಅದರ ಮೇಲೆ ಎರಡೂ ಕೈ ಇಟ್ಟು, ಬಲವಿರುವ ಕಾಲಿನ ಪಾದ ನೆಲಕ್ಕೆ ಊರಿ, ಮೇಲಕ್ಕೆ ಒತ್ತಿ ತಿರುಗಿ ಕೂತುಕೊಳ್ಳಿ. ಚಾಪೆ ಹಾಸಿ ಅಮ್ಮನಿಗೆ ಇದನ್ನು ನಾಲ್ಕು ಸಂಜೆ ಮಾಡಿಸಿದೆವು. ಐದನೇ ಸಂಜೆ ನಾನು ಕುರ್ಚಿ ಹತ್ತಿರ ತರಲು ಹೋದರೆ, “ಅಲ್ಲೇ ಇರಲಿ ಬಿಡು, ನಾನೇ ಬರ್ತೀನಿ” ಅಂದಳು.