ಮೋತಿಗೆ ಹಾಕಿದ ಚಿಗಟದ ಮದ್ದು

ಡೊಂಬಿವಲಿಯಲ್ಲಿ ಮಳೆ ಹಿಡಿದರೆ ನಮ್ಮ ನಾಯಿ ಮೋತಿಗೆ ಚಿಗಟದ ಕಾಟ ಶುರು. ಕಳೆದ ಜುಲೈಯಲ್ಲಿ ಬೆನ್ನಿಗೆ ಹನಿ ಹಾಕುವ ಫಿಪ್ರೊನಿಲ್ ಮದ್ದು ತರಲು ಹೋದೆ. 10 ಕೆಜಿ ಒಳಗಿನ ನಾಯಿಯ ಟ್ಯೂಬ್ ಮುಗಿದಿತ್ತು. ಅಂಗಡಿಯವರು 10ರಿಂದ 20 ಕೆಜಿಯದ್ದು ಕೊಟ್ಟರು, ನಾನೂ ಸುಮ್ನೆ ತಂದೆ. 0.67 ಮಿಲಿ ಸಾಕಾಗುವ ನಾಯಿಗೆ 1.34 ಮಿಲಿ ಬಿತ್ತು. ಅದನ್ನೂ ಸೊಂಟದ ಮೇಲೆ ಹಾಕಿದ್ದೆ, ನಾಲಿಗೆಗೆ ಸುಲಭವಾಗಿ ಸಿಗುವ ಜಾಗದಲ್ಲಿ.

ಅರ್ಧ ಗಂಟೆಯಲ್ಲಿ ಅವನು ತಿರುಗಿ ತಿರುಗಿ ನೆಕ್ಕತೊಡಗಿದ. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯಿತು. ಒಮ್ಮೆ ವಾಂತಿಯೂ ಆಯಿತು. ನನಗೆ ಕೈಕಾಲು ಆಡಲಿಲ್ಲ.

"ಅಳ್ತಾ ಕೂರಬೇಡ, ಡಾಕ್ಟ್ರಿಗೆ ಫೋನ್ ಮಾಡು ಮಗಾ" ಎಂದರು ಅಮ್ಮ.

ಡಾಕ್ಟ್ರು ಮೊದಲು ಟ್ಯೂಬಿನ ಮೇಲಿದ್ದದ್ದನ್ನು ಓದಿಸಿದರು. ಆಮೇಲೆ ತೂಕ ಕೇಳಿದರು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ವಾಂತಿ ಮಾಡಿಸಲು ಹೋಗಬೇಡಿ ಎಂದರು. ಮದ್ದು ಎಣ್ಣೆಯ ಹಾಗೆ ಅಂಟಿಕೊಂಡಿರುತ್ತದೆ, ಬರೀ ನೀರಿಗೆ ಹೋಗುವುದಿಲ್ಲ. ನಡುಕ, ತೂರಾಟ, ಫಿಟ್ಸ್ ಕಂಡರೆ ಒಂದು ನಿಮಿಷವೂ ಕಾಯಬೇಡಿ, ಕರೆದುಕೊಂಡು ಬನ್ನಿ ಎಂದೂ ಹೇಳಿದರು. ಕೈಗವಸು ಹಾಕಿ ಎರಡು ಸಲ ತೊಳೆದೆ. ರಾತ್ರಿಯಿಡೀ ಅವನ ಪಕ್ಕದಲ್ಲೇ ಕೂತೆ. ಜೊಲ್ಲು ನಿಂತಿತು. ಹನಿ ಬಿದ್ದ ಕಡೆ ಚರ್ಮ ಕೆಂಪಾಗಿ ಸ್ವಲ್ಪ ಕೂದಲು ಉದುರಿತು, ಆಮೇಲೆ ಬಂತು.

ಈಗ ಮೋತಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನನ್ನ ತೂಕ ಕಳೆಯುತ್ತೇನೆ. ಅವನು ಎಂಟೂವರೆ ಕೆಜಿ. ಭುಜದ ಎರಡು ಎಲುಬುಗಳ ನಡುವೆ ಕೂದಲು ಬಿಡಿಸಿ, ಚರ್ಮದ ಮೇಲೇ ಹನಿ ಹಾಕುತ್ತೇನೆ. ನಾಲಿಗೆ ಅಲ್ಲಿಗೆ ತಲುಪುವುದಿಲ್ಲ. ಮದ್ದು ಚರ್ಮದ ಎಣ್ಣೆಯ ಜೊತೆ ಹರಡಬೇಕಲ್ವಾ, ಅದಕ್ಕೆ ಹಿಂದೆ ಮುಂದೆ ಎರಡು ದಿನ ಸ್ನಾನವಿಲ್ಲ. ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯುತ್ತೇನೆ, ಚಿಗಟದ ಮೊಟ್ಟೆ ಅದರಲ್ಲೂ ಇರುತ್ತದೆ.

ಪಕ್ಕದ ಮನೆ ಅಕ್ಕ ಮೊನ್ನೆ ತಮ್ಮ ಬೆಕ್ಕಿಗೆ ಬೇರೊಂದು ನಾಯಿ ಮದ್ದು ಹಾಕಲು ಹೊರಟಿದ್ದರು. ಓಡಿ ಹೋಗಿ ತಡೆದೆ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇತ್ತು, ಬೆಕ್ಕಿನ ಜೀವಕ್ಕೇ ಅಪಾಯ.