ಡೇಟಾಬೇಸ್ ನಿಂತಿದೆಯೇ? ಮೊದಲು ಡಿಸ್ಕ್ ನೋಡಿ, ರೀಸ್ಟಾರ್ಟ್ ಆಮೇಲೆ

ಜೂನ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಲೈನಿನ ಮೇಲೆ ಮರ ಬೀಳುವುದು, ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವುದು ಮಾಮೂಲು. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಇದಕ್ಕೆ ಉಪ್ಪುಗಾಳಿಯೂ ಸೇರುತ್ತದೆ. ಸೊಸೈಟಿಯ ಅಡಿಕೆ ಖಾತೆ, ಆಸ್ಪತ್ರೆಯ ದಾಖಲೆ, ಮೀನು ಸಾಗಾಟದ ಬಿಲ್ಲು ಎಲ್ಲವೂ ಮೂಲೆಯಲ್ಲಿಟ್ಟ ಒಂದೇ ಸರ್ವರಿನಲ್ಲಿ ಇರುತ್ತವೆ. ಒಂದು ಬೆಳಿಗ್ಗೆ ಬಿಲ್ಲಿಂಗ್ ತೆರೆಯುವುದಿಲ್ಲ. ಕೂಡಲೇ ಯಾರೋ ಸರ್ವರನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಏಳದಿದ್ದರೆ ಇನ್ನೊಮ್ಮೆ ಮಾಡುತ್ತಾರೆ. ಡಿಸ್ಕೇ ಕೈಕೊಟ್ಟಿದ್ದರೆ ಉಳಿದ ಡೇಟಾವೂ ಹಾಳಾಗುವುದು ಈ ಹೊತ್ತಿನಲ್ಲೇ.

ನಿಂತಿದ್ದು ಒಳ್ಳೆಯದಕ್ಕೇ

ವಹಿವಾಟನ್ನು ಉಳಿಸಿದ್ದೇನೆ ಎಂದು ಹೇಳುವ ಮೊದಲು ಡೇಟಾಬೇಸ್ ಅದನ್ನು ಡಿಸ್ಕಿಗೆ ಇಳಿಸಲು ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳುತ್ತದೆ. ಈ ಕರೆಗೆ ಎಫ್‌ಸಿಂಕ್ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಬರೆಯುವಾಗ ದೋಷ ಬಂದರೆ ಎಫ್‌ಸಿಂಕ್ ಒಮ್ಮೆ ಮಾತ್ರ 'ಆಗಲಿಲ್ಲ' ಎನ್ನುತ್ತದೆ. ಇಎಕ್ಸ್‌ಟಿ4ನಂಥ ಫೈಲ್‌ಸಿಸ್ಟಮ್‌ನಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಆ ಪುಟವನ್ನು (ಡೇಟಾದ ತುಂಡನ್ನು) ಬರೆದಾಗಿದೆ ಎಂದೇ ಗುರುತು ಮಾಡಿಬಿಡುವುದರಿಂದ, ಎರಡನೇ ಸಲ ಕೇಳಿದರೆ 'ಸರಿಯಿದೆ' ಎಂಬ ಉತ್ತರ ಸಿಗುತ್ತದೆ, ಡೇಟಾ ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ. 2018ರಲ್ಲಿ ಇದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಬಳಗದಲ್ಲಿ ದೊಡ್ಡ ಚರ್ಚೆಯಾಯಿತು. 2019ರ ಫೆಬ್ರುವರಿಯ ಬಿಡುಗಡೆಗಳಿಂದ ಈಚೆಗೆ, ಎಫ್‌ಸಿಂಕ್ ಸೋತರೆ ಪೋಸ್ಟ್‌ಗ್ರೆಸ್ ಲಾಗಿನಲ್ಲಿ 'ಪ್ಯಾನಿಕ್' ಎಂದು ಬರೆದು ತಾನೇ ನಿಲ್ಲುತ್ತದೆ. ಮತ್ತೆ ಎದ್ದಾಗ ಹಿಂದಿನ ಚೆಕ್‌ಪಾಯಿಂಟ್‌ನಿಂದ (ಎಲ್ಲವೂ ಡಿಸ್ಕಿಗೆ ಇಳಿದಿದೆ ಎಂದು ಗುರುತಿಸಿದ ಹಂತ) ವಹಿವಾಟಿನ ಲಾಗನ್ನು ಓದಿ ಸರಿಮಾಡಿಕೊಳ್ಳುವುದು ಇದರ ಉದ್ದೇಶ. ಆದರೆ ಕೆಟ್ಟ ಡಿಸ್ಕಿನ ಮೇಲೆಯೇ ಎಬ್ಬಿಸಿದರೆ ಆ ಸರಿಮಾಡುವ ಬರವಣಿಗೆಯೂ ಕೆಟ್ಟ ಜಾಗಕ್ಕೇ ಹೋಗುತ್ತದೆ.

ಆದ್ದರಿಂದ ಮೊದಲು ಡೇಟಾಬೇಸ್ ಸೇವೆಯನ್ನು 'ಸಿಸ್ಟಮ್‌ಸಿಟಿಎಲ್ ಸ್ಟಾಪ್' ಕೊಟ್ಟು ನಿಲ್ಲಿಸಿ. 'ಡಿಸೇಬಲ್' ಅನ್ನೂ ಕೊಡಿ, ಇಲ್ಲವಾದರೆ ಮುಂದಿನ ಬೂಟ್‌ನಲ್ಲಿ ಅದು ತಾನಾಗಿ ಏಳುತ್ತದೆ. ಕೌಂಟರಿನಲ್ಲಿರುವವರಿಗೆ ಕೈಬರಹದ ರಸೀದಿ ಪುಸ್ತಕ ಕೊಡಿ. ಕೊನೆಯದಾಗಿ ಮುದ್ರಣವಾದ ಬಿಲ್ಲಿನ ನಂಬರು ಮತ್ತು ಸಮಯವನ್ನು ಬರೆದಿಡಿ, ಮುಂದೆ ಅದು ಬೇಕಾಗುತ್ತದೆ.

ಲಾಗ್ ಏನು ಹೇಳುತ್ತದೆ

'ಜರ್ನಲ್‌ಸಿಟಿಎಲ್ -ಕೆ' ಕೊಟ್ಟರೆ ಕರ್ನಲ್‌ನ ಸಂದೇಶಗಳು ಕಾಣುತ್ತವೆ. ಅದನ್ನೂ ಡೇಟಾಬೇಸಿನ ಲಾಗನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಎರಡನ್ನೂ ಸಮಯಕ್ಕೆ ಸಮಯ ಹೊಂದಿಸಿ ಓದಿ.

'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದಿದ್ದರೆ ಡಿಸ್ಕ್ ಕೆಟ್ಟಿಲ್ಲ, ತುಂಬಿದೆ. 'ಡಿಎಫ್ -ಎಚ್' ಜಾಗವನ್ನೂ 'ಡಿಎಫ್ -ಐ' ಐನೋಡ್‌ಗಳನ್ನೂ (ಪ್ರತಿ ಫೈಲಿಗೂ ಬೇಕಾದ ದಾಖಲೆಯ ಖಾನೆಗಳು) ತೋರಿಸುತ್ತದೆ. ಜಾಗ ಖಾಲಿ ಇದ್ದರೂ ಐನೋಡ್ ಮುಗಿದರೆ ಹೊಸ ಫೈಲು ಹುಟ್ಟುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ತುಂಬಿರುವುದು ಹೆಚ್ಚಾಗಿ ವಹಿವಾಟಿನ ಲಾಗ್ ಇರುವ ಪಿಜಿ-ವಾಲ್ ಫೋಲ್ಡರ್. ಆ ಲಾಗನ್ನು ಬೇರೆಡೆ ಉಳಿಸುವ ಆರ್ಕೈವ್ ಆಜ್ಞೆ ಸೋಲುತ್ತಿದ್ದರೆ, ಇಲ್ಲವೇ ಇನ್ನೊಂದು ಸರ್ವರಿಗೆ ನಕಲು ಕಳಿಸಲು ಮಾಡಿ ಈಗ ಯಾರೂ ಬಳಸದ ರೆಪ್ಲಿಕೇಶನ್ ಸ್ಲಾಟ್ ಉಳಿದಿದ್ದರೆ ಹಳೆಯ ಲಾಗ್ ಫೈಲುಗಳು ಅಲ್ಲೇ ಗುಡ್ಡೆಯಾಗುತ್ತವೆ. ಬರೀ ಲಾಗ್ ತಾನೇ ಎಂದು ಆ ಫೋಲ್ಡರಿನ ಫೈಲುಗಳನ್ನು ಕೈಯಿಂದ ಅಳಿಸಬೇಡಿ. ಅದನ್ನು ಅಳಿಸಿದ ಮೇಲೆ ಡೇಟಾಬೇಸ್ ಏಳದೇ ಹೋಗಬಹುದು. ಬೇರೆ ಕಡೆಯ ಹಳೆಯ ಬ್ಯಾಕಪ್, ದೊಡ್ಡ ಲಾಗ್ ಸರಿಸಿ ಜಾಗ ಮಾಡಿ, ಡೇಟಾಬೇಸ್ ಎಬ್ಬಿಸಿ, ಆಮೇಲೆ ಮೂಲ ಕಾರಣ ಸರಿಪಡಿಸಿ. ಹಾರ್ಡ್‌ವೇರ್ ಮುಟ್ಟುವ ಅಗತ್ಯವಿಲ್ಲ.

'ಬಫರ್ ಐ/ಓ ಎರರ್', 'ಲಾಸ್ಟ್ ಅಸಿಂಕ್ ಪೇಜ್ ರೈಟ್', 'ರಿಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ' ಎಂಬ ಸಾಲುಗಳಿದ್ದರೆ ಮಾತೇ ಬೇರೆ. ಕೊನೆಯದು ಫೈಲ್‌ಸಿಸ್ಟಮ್ ತನ್ನನ್ನು ತಾನೇ ಮುಚ್ಚಿಕೊಂಡ ಗುರುತು. ಅದನ್ನು ಬಲವಂತದಿಂದ ಮತ್ತೆ ಬರೆಯುವಂತೆ ತೆರೆಯಬೇಡಿ. ವಿಂಡೋಸ್ ಬಳಸುವವರು ಇವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಮೂಲದ 7, 51, 153 ಸಂಖ್ಯೆಗಳನ್ನು ಹುಡುಕಿ. ಮೈಕ್ರೋಸಾಫ್ಟಿನ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರಿನ ಲಾಗಿನಲ್ಲಿ 823 ಮತ್ತು 824 ಇದೇ ಜಾತಿಯವು. 825 ಎಂದರೆ ಓದು ಕೆಲವು ಪ್ರಯತ್ನಗಳ ನಂತರ ಯಶಸ್ವಿಯಾಗಿದೆ. ಕೆಲಸ ನಡೆಯುತ್ತಿದೆಯೆಂದು ಅದನ್ನು ಕಡೆಗಣಿಸುವವರೇ ಹೆಚ್ಚು, ಆದರೆ ಡಿಸ್ಕ್ ಬದಲಿಸಲು ನಿಮಗೆ ಸಿಗುವ ಒಳ್ಳೆಯ ಮುನ್ಸೂಚನೆ ಅದೇ.

ಡಿಸ್ಕೋ, ಕೇಬಲ್ಲೋ

'ಸ್ಮಾರ್ಟ್‌ಸಿಟಿಎಲ್ -ಎ' ಆಜ್ಞೆ ಡಿಸ್ಕಿನ ಆರೋಗ್ಯದ ಪಟ್ಟಿ ಕೊಡುತ್ತದೆ. ಮೇಲೆ 'ಪಾಸ್ಡ್' ಎಂದಿದ್ದರೂ ನಂಬಬೇಡಿ, ಕೆಳಗಿನ ನಾಲ್ಕು ಸಾಲು ನೋಡಿ. 5 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. 197 ತೀರ್ಮಾನಕ್ಕೆ ಕಾದಿರುವವು. 198 ಓದಲಾಗದವು. ಇವುಗಳ ಕಚ್ಚಾ ಸಂಖ್ಯೆ ಏರುತ್ತಿದ್ದರೆ ಡಿಸ್ಕಿನ ಕಾಲ ಮುಗಿಯುತ್ತಾ ಬಂದಿದೆ.

199ರ ಕತೆ ಬೇರೆ. ಅದು ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಗಾಟದ ತಪ್ಪುಗಳ ಎಣಿಕೆ. ಅಂದರೆ ಸಾಟಾ ಕೇಬಲ್ ಇಲ್ಲವೇ ಅದರ ತುದಿಯ ತೊಂದರೆ. ಕರಾವಳಿಯಲ್ಲಿ ಸಮುದ್ರಕ್ಕೆ ಹತ್ತಿರದ ಕೋಣೆಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು, ಉಪ್ಪು ಮತ್ತು ತೇವದಿಂದ ಪಿನ್ನುಗಳಿಗೆ ಕಿಲುಬು ಹತ್ತುತ್ತದೆ. ಕರೆಂಟು ತೆಗೆದು ಹೊಸ ಕೇಬಲ್ ಹಾಕಿ. ತುದಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. 199ರ ಸಂಖ್ಯೆ ಕೇಬಲ್ ಬದಲಿಸಿದರೂ ಇಳಿಯುವುದಿಲ್ಲ. ಒಂದು ವಾರ ಅದು ಏರದಿದ್ದರೆ ರೋಗ ಕೇಬಲ್ಲಿನಲ್ಲಿತ್ತು ಎಂದು ತಿಳಿಯಿರಿ.

ಮೊದಲು ನಕಲು, ರಿಪೇರಿ ನಂತರ

ಆತುರಕ್ಕೆ ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ (ಲಿನಕ್ಸ್) ಅಥವಾ ಚೆಕ್‌ಡಿಸ್ಕ್ (ವಿಂಡೋಸ್) ಓಡಿಸಿಬಿಡುವುದು ಈ ಇಡೀ ಕೆಲಸದಲ್ಲಿ ಹೆಚ್ಚು ಹಾನಿ ಮಾಡುವ ತಪ್ಪು. ಅವು ಡಿಸ್ಕಿಗೆ ಬರೆಯುತ್ತವೆ, ಅರ್ಧ ಓದಿದ ರಚನೆಯನ್ನು ಸರಿಯೆಂದು ತಿಳಿದು ಫೈಲುಗಳನ್ನು ಕತ್ತರಿಸುತ್ತವೆ. ಡಿಸ್ಕಿನ ಪೂರ್ತಿ ನಕಲು ಕೈಯಲ್ಲಿ ಇಲ್ಲದೆ ಅದನ್ನು ಮುಟ್ಟಬೇಡಿ.

ಮೂಲ ಡಿಸ್ಕಿಗಿಂತ ಹೆಚ್ಚು ಖಾಲಿ ಜಾಗವಿರುವ ಡಿಸ್ಕ್ ತಂದು, ಲೈವ್ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ. ಯಾವುದು ಮೂಲ, ಯಾವುದು ಹೊಸದು ಎಂದು ಸೀರಿಯಲ್ ನಂಬರಿನಿಂದ ಖಚಿತಪಡಿಸಿಕೊಳ್ಳಿ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಒಂದು ಬೂಟಿನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ಕೆಟ್ಟ ಡಿಸ್ಕನ್ನು ನಕಲಿಸುವ ಡಿಡಿರೆಸ್ಕ್ಯೂ ಅನ್ನು ಮೊದಲು '-ಎನ್' ಆಯ್ಕೆಯೊಂದಿಗೆ ಓಡಿಸಿ, ಕಷ್ಟದ ಜಾಗಗಳನ್ನು ಕೆರೆಯಲು ಹೋಗದೆ ಸುಲಭಕ್ಕೆ ಬರುವುದನ್ನು ಮೊದಲು ತಂದುಕೊಡುತ್ತದೆ. ಆಮೇಲೆ '-ಡಿ -ಆರ್3' ಕೊಟ್ಟು ಕೆಟ್ಟ ಜಾಗಗಳನ್ನು ಮೂರು ಸಲ ಪ್ರಯತ್ನಿಸಿ. ಎಲ್ಲಿಯವರೆಗೆ ನಕಲಾಗಿದೆ ಎಂದು ಬರೆದಿಡುವ ಮ್ಯಾಪ್ ಫೈಲಿಗೆ ಎರಡೂ ಸಲ ಅದೇ ಹೆಸರು ಕೊಡಿ. ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯಲು ಅದೇ ಆಧಾರ, ಹಾಗಾಗಿ ಲೈವ್ ಪೆನ್‌ಡ್ರೈವಿನ ತಾತ್ಕಾಲಿಕ ಜಾಗದಲ್ಲಿ ಇಡಬೇಡಿ. ಆರೋಗ್ಯವಾದ 1 ಟೆರಾಬೈಟ್ ತಿರುಗುವ ಡಿಸ್ಕಿಗೆ ಎರಡು ಮೂರು ತಾಸು ಸಾಕು, ಕೆಟ್ಟ ಸೆಕ್ಟರ್ ಹೆಚ್ಚಿದ್ದರೆ ದಿನಗಟ್ಟಲೆ ಹಿಡಿಯಬಹುದು. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಇದೆಲ್ಲ ಬೇಡ, ಆಫ್ ಮಾಡಿ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕಳಿಸಿ.

ಆ ನಕಲನ್ನು ಇನ್ನೊಮ್ಮೆ ನಕಲಿಸಿ, ಎರಡನೆಯದರ ಮೇಲೆ ಮಾತ್ರ ಎಫ್‌ಎಸ್‌ಸಿಕೆ ಓಡಿಸಿ. ಡೇಟಾ ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸಿ, ಅದೇ ಮುಖ್ಯ ಆವೃತ್ತಿಯ ಪೋಸ್ಟ್‌ಗ್ರೆಸ್‌ನಲ್ಲಿ ಎಬ್ಬಿಸಿ. ಎದ್ದರೆ ಅಲ್ಲಿಗೆ ನಿಲ್ಲಿಸಬೇಡಿ. ಪಿಜಿ-ಡಂಪ್‌ನಿಂದ ಪೂರ್ತಿ ಹೊರತೆಗೆದು ಹೊಸದಾಗಿ ಹುಟ್ಟುಹಾಕಿದ ಡೇಟಾಬೇಸಿಗೆ ತುಂಬಿ. ಡಂಪ್ ಯಾವ ಟೇಬಲ್ಲಿನಲ್ಲಿ ತಡವರಿಸುತ್ತದೋ ಅಲ್ಲಿ ಪುಟ ಹಾಳಾಗಿದೆ. ಇಂಡೆಕ್ಸುಗಳನ್ನೂ ಪರಿಶೀಲಿಸಲು 14ನೇ ಆವೃತ್ತಿಯಿಂದ ಪಿಜಿ-ಆ್ಯಮ್‌ಚೆಕ್ ಇದೆ. ವಹಿವಾಟಿನ ಲಾಗನ್ನು ಬಿಟ್ಟು ಹೊಸದಾಗಿ ಶುರುಮಾಡುವ ಪಿಜಿ-ರಿಸೆಟ್‌ವಾಲ್ ಬೇರೇನೂ ಉಳಿಯದಾಗ ಮಾತ್ರ, ಅದು ಏಳಿಸುತ್ತದೆ, ಆದರೆ ಒಳಗಿನ ಲೆಕ್ಕ ಹೊಂದುತ್ತದೆಂಬ ಭರವಸೆ ಕೊಡುವುದಿಲ್ಲ.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ, ಕೆಟ್ಟಿದ್ದರೂ ಬಲವಂತದಿಂದ ಎಬ್ಬಿಸುವ ಇನ್ನೊಡಿಬಿ ಫೋರ್ಸ್ ರಿಕವರಿ ಎಂಬ ಆಯ್ಕೆ 1ರಿಂದ 6ರವರೆಗೆ ಇದೆ. 1ರಿಂದ ಶುರುಮಾಡಿ, ಒಂದೊಂದೇ ಏರಿಸಿ. 4 ಮತ್ತು ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಲ್ಲವು. ಎದ್ದ ಕೂಡಲೇ ಡಂಪ್ ತೆಗೆದುಕೊಳ್ಳಿ.

ಈಗ ಬರೆದಿಟ್ಟ ಬಿಲ್ಲಿನ ನಂಬರು ತೆಗೆಯಿರಿ. ಡೇಟಾಬೇಸಿನ ಕೊನೆಯ ನಂಬರಿಗೂ ಅದಕ್ಕೂ ತಾಳೆ ನೋಡಿ. ಅಡಿಕೆ ಸೊಸೈಟಿಯಾದರೆ ಆ ದಿನದ ಟೆಂಡರಿನ ಚಾಲಿ, ರಾಶಿ, ಬೆಟ್ಟೆಯ ತೂಕದ ಚೀಟಿಗಳನ್ನು ಒಂದೊಂದಾಗಿ ಹೋಲಿಸಿ. ಮೊತ್ತ ಹೊಂದಿದ ಮೇಲೆ ಮಾತ್ರ ಕೌಂಟರ್ ತೆರೆಯಿರಿ, ರಸೀದಿ ಪುಸ್ತಕದ್ದನ್ನು ಆಮೇಲೆ ನಮೂದಿಸಿ.

ಹೊಸ ಡಿಸ್ಕ್ ಹಾಕುವಾಗ

ಎರಡು ಡಿಸ್ಕಿನ ಮಿರರ್ ಮಾಡಿ (ಬರೆದದ್ದೆಲ್ಲ ಎರಡಕ್ಕೂ ಹೋಗುವಂತೆ), ಸಾಧ್ಯವಾದರೆ ಬೇರೆ ಬೇರೆ ತಯಾರಿಕೆಯವು ಇರಲಿ. ಎಸ್‌ಎಸ್‌ಡಿಯಾದರೆ ಪವರ್ ಲಾಸ್ ಪ್ರೊಟೆಕ್ಷನ್ ಇರುವುದನ್ನೇ ಕೊಳ್ಳಿ. ಕರೆಂಟು ಹೋದ ಕ್ಷಣ ಒಳಗಿನ ಕೆಪಾಸಿಟರ್ ಉಳಿದದ್ದನ್ನು ಬರೆದು ಮುಗಿಸುತ್ತದೆ, ಅಗ್ಗದ ಎಸ್‌ಎಸ್‌ಡಿಯಲ್ಲಿ ಇದು ಇರುವುದಿಲ್ಲ. ವೇಗ ಬರಲೆಂದು ಎಫ್‌ಸಿಂಕ್, ಅರ್ಧ ಬರೆದ ಪುಟವನ್ನು ಸರಿಪಡಿಸಲು ನೆರವಾಗುವ ಫುಲ್ ಪೇಜ್ ರೈಟ್ಸ್ ಎರಡನ್ನೂ ಆಫ್ ಮಾಡಿಟ್ಟ ಸರ್ವರುಗಳಿವೆ, ಕೂಡಲೇ ಆನ್ ಮಾಡಿ. ಯುಪಿಎಸ್ ಬ್ಯಾಟರಿ ತಗ್ಗಿದಾಗ ಸರ್ವರ್ ತಾನೇ ಮುಚ್ಚಿಕೊಳ್ಳುವಂತೆ ಯುಎಸ್‌ಬಿ ತಂತಿ ಸೇರಿಸಿ.

ಮಿರರ್ ಬ್ಯಾಕಪ್ ಅಲ್ಲ, ತಪ್ಪಾಗಿ ಅಳಿಸಿದ್ದು ಎರಡೂ ಕಡೆ ಅಳಿಯುತ್ತದೆ. ಪ್ರತಿ ರಾತ್ರಿ ಬ್ಯಾಕಪ್‌ನ ಒಂದು ಪ್ರತಿ ಕರಾವಳಿಯಿಂದ ಘಟ್ಟದ ಮೇಲಿನ ಶಾಖೆಗೆ ಹೋಗಲಿ. ಡಿಸ್ಕಿನ ಆರೋಗ್ಯವನ್ನು ಸದಾ ಗಮನಿಸುವ ಸ್ಮಾರ್ಟ್‌ಡಿ ಸೇವೆಯಲ್ಲಿ 5 ಮತ್ತು 197 ಏರಿದರೆ ಮೇಲ್ ಬರುವಂತೆ ಮಾಡಿ. ಮೇ ತಿಂಗಳ ಒಂದು ರಜಾದಿನ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಕಳೆದ ವಾರದ ಒಂದು ಬಿಲ್ಲು ತೆರೆದು ನೋಡಿ.