ಅಧ್ಯಾಪಕರ ಕಲಿಕಾ ಗುಂಪು ಕಟ್ಟುವವರಿಗೆ ಒಂದು ಸಲಹೆ

ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು ಸೇರಿ ಕಲಿಯುವ ಗುಂಪು ಕಟ್ಟಬೇಕು ಅಂತಿದ್ದೀರಾ? ಸುತ್ತೋಲೆಯಿಂದ ಶುರು ಮಾಡಬೇಡಿ. ಸುತ್ತೋಲೆ ನೋಡಿ ಬಂದವರು ಹಾಜರಿ ಹಾಕಿ ಹೋಗುತ್ತಾರೆ, ಅಷ್ಟೇ.

ಎಲ್ಲರನ್ನೂ ಕಾಡುವ ಒಂದು ತೊಂದರೆ ಹಿಡಿದುಕೊಳ್ಳಿ. 'ಬೋಧನೆಯ ಗುಣಮಟ್ಟ' ಅಂದರೆ ಯಾರೂ ತಲೆ ಹಾಕುವುದಿಲ್ಲ. 'ನಾವು ಕೊಡುವ ಅಂಕ ಯಾಕೆ ಒಂದೇ ಥರ ಇರಲ್ಲ' ಅಂದರೆ ಬರುತ್ತಾರೆ.

ಮೊದಲ ಸಭೆಗೆ ಭಾಷಣ ಬೇಡ. ವಿದ್ಯಾರ್ಥಿಯ ಹೆಸರು, ನಂಬರ್ ಅಳಿಸಿದ ಒಂದು ಉತ್ತರದ ಜೆರಾಕ್ಸ್ ಎಲ್ಲರಿಗೂ ಕೊಡಿ. ಯಾರೂ ಮಾತಾಡದೆ 10ಕ್ಕೆ ಅಂಕ ಹಾಕಲಿ. ಆಮೇಲೆ ಒಟ್ಟಿಗೆ ತೋರಿಸಲಿ. ಒಬ್ಬರದು 4, ಪಕ್ಕದವರದು 7 ಇದ್ದರೆ ಆಶ್ಚರ್ಯ ಬೇಡ. ಯಾಕೆ ಅಂತ ಕೇಳಿ ಸುಮ್ನೆ ಕೂತುಬಿಡಿ. ಒಬ್ಬರು ಭಾಷೆ ನೋಡಿರುತ್ತಾರೆ, ಇನ್ನೊಬ್ಬರು ಲೆಕ್ಕದ ಹಂತ ನೋಡಿರುತ್ತಾರೆ. ನಿಜವಾದ ಮಾತು ಶುರುವಾಗುವುದೇ ಅಲ್ಲಿ. ಮುಂದಿನ ಸಲ ಎಲ್ಲರೂ ಸೇರಿ ಅಂಕ ಹಂಚುವ ಒಂದು ಪಟ್ಟಿ ಬರೆಯಬಹುದು. ಗುಂಪಿಗೆ ತನ್ನದು ಅನ್ನುವ ವಸ್ತು ಒಂದು ಸಿಕ್ಕಿತಲ್ವಾ?

ಎಷ್ಟು ಜನ? ಅಮೆರಿಕದ ಓಹಾಯೊದಲ್ಲಿರುವ ಮಯಾಮಿ ವಿಶ್ವವಿದ್ಯಾಲಯದಲ್ಲಿ 1979ರಿಂದಲೇ ಇಂಥ ಗುಂಪುಗಳಿವೆ. ಬೇರೆ ಬೇರೆ ವಿಭಾಗದ ಹತ್ತು ಜನರ ಆಸುಪಾಸು, ಇಡೀ ವರ್ಷ ಜೊತೆಗಿರುವುದು ಅಲ್ಲಿನ ಕ್ರಮ. ಅದಕ್ಕಿಂತ ಜಾಸ್ತಿಯಾದರೆ ಮಾತಾಡುವವರೇ ಮಾತಾಡುತ್ತಾರೆ.

ವಿಭಾಗದ ಮುಖ್ಯಸ್ಥರು ಬರಲಿ, ಆದರೆ ಅಧ್ಯಕ್ಷತೆ ವಹಿಸುವುದು ಬೇಡ. ಅವರೇ ಅಧ್ಯಕ್ಷರಾಗಿ ಕೂತರೆ ಯಾರೂ 'ನನ್ನ ಕ್ಲಾಸ್ ಸರಿ ಹೋಗ್ತಿಲ್ಲ' ಅನ್ನುವುದಿಲ್ಲ. ಅತಿಥಿ ಉಪನ್ಯಾಸಕರನ್ನು ಮರೀಬೇಡಿ. ಸಭೆಯ ಹೊತ್ತನ್ನು ಟೈಮ್‌ಟೇಬಲ್ ಮಾಡುವಾಗಲೇ ಗುರುತು ಹಾಕಿಸಿ. ಆಮೇಲೆ ಹುಡುಕಿದರೆ ಸಿಗಲ್ಲ.